ಡ್ರ್ಯಾಗನ್ಸ್ ಡಾಗ್ಮಾ 2: ಆಡೋಕೆ ಹೇಗಿದೆ?

ಡ್ರ್ಯಾಗನ್ ಬೇಟೆಗೆ ಹೊರಟವ್ರನ್ನ
ಯಾರಾದ್ರೂ ಎತ್ತಿನ ಗಾಡಿ ಹತ್ತಿಸ್ತಾರಾ?

ಡ್ರ್ಯಾಗನ್ಸ್ ಡಾಗ್ಮಾ 2 ವಿಡಿಯೋ ಗೇಮ್ ಹತ್ತಿಸುತ್ತೆ.
ಮೊದಲನೇದು ಬಂದಿದ್ದು 2012ರಲ್ಲಿ.
ಎರಡನೇದಕ್ಕೆ 2024ರವರೆಗೆ ಕಾಯಿಸಿದ್ರು!

ಗಾಡೀಲಿ ಕೂತು ತೂಕಡಿಸಿ ನೋಡಿ.
ಅರ್ಧ ದಾರೀಲಿ ಗಾಬ್ಲಿನ್‌ಗಳು ಮುಗಿಬೀಳ್ತವೆ.
ಕೆಲವೊಮ್ಮೆ ಗಾಡಿನೇ ಪುಡಿಪುಡಿ.
ಆಮೇಲೆ ನಡ್ಕೊಂಡೇ ಹೋಗಿ.
ಕತ್ತಲಾಯ್ತೋ, ಲಾಂದ್ರ ಬೇಕೇ ಬೇಕು.
ಎಣ್ಣೆ ಮುಗಿದ್ರೆ... ದೇವರೇ ಗತಿ.

ಜೊತೆಗೆ ‘ಪಾನ್’ ಅನ್ನೋ ಸಂಗಡಿಗರು.
ಬೇರೆ ಆಟಗಾರರು ರೂಪಿಸಿದವರನ್ನೂ ಕರ್ಕೊಳ್ಬಹುದು.
ಅವರ ಆಟದಲ್ಲಿ ಕಂಡಿದ್ದು ನಿಮ್ಮ ಆಟದಲ್ಲೂ ನೆನಪಿರುತ್ತೆ.
ಹೋದ ವರ್ಷ ಧರ್ಮಸ್ಥಳಕ್ಕೆ ಹೋಗಿಬಂದ ಸೋದರಮಾವನ ಥರ,
“ಬನ್ನಿ, ದಾರಿ ನಂಗೊತ್ತು!”
ಮಾತು ಸ್ವಲ್ಪ ಜಾಸ್ತಿನೇ, ಬಿಡಿ.

ಕಥೆ? ನಂಗೆ ಸಪ್ಪೆ ಅನ್ನಿಸ್ತು.
ಆದ್ರೆ ಸೈಕ್ಲಾಪ್ಸ್ ಅನ್ನೋ ದೈತ್ಯನ ಮೈಮೇಲೆ ಹತ್ತಿ,
ಆ ಒಂಟಿ ಕಣ್ಣಿಗೇ ಕತ್ತಿ ಹಾಕೋದಿದ್ಯಲ್ಲ...
ಅದಕ್ಕೋಸ್ಕರನಾದ್ರೂ ಆಡಿ!