ಚೀನದ ಹಳೆಯ ಪಿಂಗಾಣಿಯೂ ಅದರ ಮಾರಾಟವೂ

ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಹಳೆಯ ವಾಡೆಯೊಂದರಲ್ಲಿ ನೀಲಿ ಚಿತ್ರಗಳುಳ್ಳ ಬಿಳಿಯ ತಟ್ಟೆಯೊಂದು ದೊರೆಯಿತೆಂದು ಭಾವಿಸಿದರೆ, ನಾಲ್ಕು ಪ್ರಶ್ನೆಗಳು ಏಳುವುವು: ಅದು ಚೀನದ್ದೇ? ಪ್ರಾಚೀನವೇ? ಮಾರಬಹುದೇ? ಮಾರುವುದಾದರೆ ಯಾರ ಮೂಲಕ? ಇವನ್ನು ಇದೇ ಕ್ರಮದಲ್ಲಿ ವಿಚಾರಿಸತಕ್ಕದ್ದು. ಬೆಲೆಯಿಂದ ಆರಂಭಿಸುವವರು ವಸ್ತುವಿನ ಇತಿಹಾಸವನ್ನೂ, ಹಲವು ವೇಳೆ ಬೆಲೆಯನ್ನೂ ಕಳೆದುಕೊಳ್ಳುವರು.

ಚೀನದ ಪಿಂಗಾಣಿಯು ಕನ್ನಡ ನಾಡಿಗೆ ಬಂದುದಕ್ಕೆ ಸಾಕ್ಷ್ಯವುಂಟು. ಹಂಪೆಯ ಉತ್ಖನನಗಳಲ್ಲಿ ಅದರ ಚೂರುಗಳು ದೊರೆತಿವೆ. ವಿಜಯಪುರದ ಗೋಲಗುಮ್ಮಟದ ವಸ್ತುಸಂಗ್ರಹಾಲಯದಲ್ಲಿ ಪಾತ್ರೆಗಳೇ ಇವೆ. ಹುಕ್ಕೇರಿಯೂ ಆದಿಲಶಾಹಿಗೆ ಒಳಪಟ್ಟಿದ್ದ ಊರು; ಆ ಕಾಲದ ಗುಮ್ಮಟಗಳು ಅಲ್ಲಿ ಇಂದಿಗೂ ನಿಂತಿವೆ. ಆದುದರಿಂದ ಅಂತಹ ಪಾತ್ರೆಯು ಈ ಸೀಮೆಯಲ್ಲಿರುವುದು ಅಸಂಭವವಲ್ಲ. ಆದರೆ ಸಂಭವವು ಪ್ರಮಾಣವಲ್ಲ. ‘ಚೀನೀಮಣ್ಣು’ ಎಂಬುದು ಪದಾರ್ಥದ ಹೆಸರೇ ಹೊರತು ದೇಶದ ಸಾಕ್ಷಿಯಲ್ಲ. ಉಪ್ಪಿನಕಾಯಿಯ ಭರಣಿಯನ್ನು ಆ ಹೆಸರಿನಿಂದ ಕರೆದ ಮಾತ್ರಕ್ಕೆ ಅದು ಚೀನದಿಂದ ಬಂದುದಾಗದು.

ಕಾಲನಿರ್ಣಯದಲ್ಲಿಯೂ ಇದೇ ಎಚ್ಚರ ಬೇಕು. ಕಾಂಗ್‌ಶೀ ಚಕ್ರವರ್ತಿಯ ಕಾಲದ (೧೬೬೨–೧೭೨೨) ಅನೇಕ ಪಾತ್ರೆಗಳ ತಳದಲ್ಲಿ ಎರಡು ಶತಮಾನಗಳಷ್ಟು ಹಿಂದಿನ ಚೆಂಗ್‌ಹ್ವಾ ಆಳ್ವಿಕೆಯ (೧೪೬೫–೧೪೮೭) ಅಂಕಿತವಿರುವುದು. ಮೂಲಪ್ರತಿಯ ಪುಷ್ಪಿಕೆಯನ್ನು ಲಿಪಿಕಾರನು ಇದ್ದಂತೆಯೇ ಬರೆದುಕೊಂಡರೆ ಅದು ಹೊಸ ಓಲೆಯ ಕಾಲವನ್ನು ಹೇಗೆ ತಿಳಿಸದೋ ಹಾಗೆಯೇ ಈ ಅಂಕಿತವೂ. ಮಣ್ಣು, ಮೆರುಗು, ತಳದ ಅಂಚು, ಕುಂಚದ ರೀತಿ ಇವೆಲ್ಲವೂ ಅಂಕಿತದೊಡನೆ ಹೊಂದಬೇಕು.

ಇನ್ನು ಕಾಯಿದೆಯ ಮಾತು. ಪ್ರಾಚೀನ ವಸ್ತುಗಳನ್ನೂ ಕಲಾನಿಧಿಗಳನ್ನೂ ಕುರಿತು ೧೯೭೨ರಲ್ಲಿ ಆದ ಭಾರತದ ಕಾಯಿದೆಯು ೧೯೭೬ರಲ್ಲಿ ಜಾರಿಗೆ ಬಂದಿತು. ನೂರು ವರ್ಷಕ್ಕೆ ಕಡಮೆಯಿಲ್ಲದ ಕಲಾಕೃತಿಯು ಅದರ ಪ್ರಕಾರ ಪ್ರಾಚೀನ ವಸ್ತು. ಅದನ್ನು ಯಾವ ದೇಶದಲ್ಲಿ ಮಾಡಿದರೆಂಬ ಭೇದವನ್ನು ಈ ವ್ಯಾಖ್ಯೆಯು ಎಣಿಸದು. ಅಂತಹ ವಸ್ತುವನ್ನು ಖಾಸಗಿಯವರು ದೇಶದ ಹೊರಗೆ ಕಳುಹಿಸಲಾಗದು. ಅದರ ವ್ಯಾಪಾರ ನಡೆಸುವವರಿಗೆ ಪರವಾನಗಿ ಬೇಕು. ಆದಕಾರಣ ಲಂಡನ್ ಅಥವಾ ಹಾಂಗ್‌ಕಾಂಗ್‌ ನಗರಗಳ ಹರಾಜಿನಲ್ಲಿ ಬಂದ ಬೆಲೆಯನ್ನು ಓದಿ ಹುಕ್ಕೇರಿಯ ತಟ್ಟೆಗೆ ಬೆಲೆ ಕಟ್ಟುವುದು ವ್ಯರ್ಥ. ಅದಕ್ಕಿರುವುದು ದೇಶದೊಳಗಿನ ಪೇಟೆಯೊಂದೇ.

ಆ ಪೇಟೆಗೆ ಎರಡು ದಾರಿಗಳುಂಟು. ಮೊದಲನೆಯದು ಹರಾಜು, ಈ ಸೀಮೆಯ ಮಾತಿನಲ್ಲಿ ಲಿಲಾವು. ಹರಾಜಿನ ಸಂಸ್ಥೆಯು ಅಂದಾಜು ಬೆಲೆಯನ್ನು ಪ್ರಕಟಿಸಿ, ಯಾವ ಮೊತ್ತಕ್ಕಿಂತ ಕೆಳಗೆ ಮಾರಕೂಡದೆಂಬುದನ್ನು ಒಡೆಯನೊಡನೆ ಗುಟ್ಟಾಗಿ ಗೊತ್ತುಮಾಡಿಕೊಳ್ಳುವುದು. ಕೊಳ್ಳುವವನಿಂದ ಹೆಚ್ಚಳವನ್ನೂ ಮಾರುವವನಿಂದ ದಲಾಲಿಯನ್ನೂ ಪಡೆಯುವುದು ರೂಢಿಯಾದ್ದರಿಂದ ಕೂಗಿದ ಬೆಲೆಯು ಒಡೆಯನ ಕೈಸೇರುವ ಹಣವಲ್ಲ. ಬಹಿರಂಗ ಪೈಪೋಟಿಯೇ ಹರಾಜಿನ ಗುಣ. ಮಾರಾಟವಾಗದೆ ಹಿಂದಿರುಗಿದ ವಸ್ತುವಿಗೆ ಗಿರಾಕಿಗಳು ಹಿಂಜರಿಯುವುದು ಅದರ ದೋಷ. ಎರಡನೆಯದು ಸ್ವತಂತ್ರ ಸಲಹೆಗಾರನ ನೆರವು. ಅವನು ಒಡೆಯನ ಪಕ್ಷದಲ್ಲಿ ನಿಂತು ವಸ್ತುವನ್ನು ಪರೀಕ್ಷಿಸಿ, ತಕ್ಕ ಹರಾಜನ್ನೋ ಖಾಸಗಿ ಗಿರಾಕಿಯನ್ನೋ ಸೂಚಿಸುವನು. ಆದರೆ ಬೆಲೆ ಕಟ್ಟುವವನೇ ಕೊಳ್ಳುವವನಾದರೆ, ಅಥವಾ ಎರಡು ಕಡೆಯಿಂದಲೂ ಹಣ ಪಡೆದರೆ, ‘ಸ್ವತಂತ್ರ’ ಎಂಬ ವಿಶೇಷಣಕ್ಕೆ ಅರ್ಥವುಳಿಯದು. ಅವನ ಸಂಭಾವನೆಯನ್ನು ಮೊದಲೇ ಲಿಖಿತವಾಗಿ ಗೊತ್ತುಮಾಡುವುದು ಕ್ಷೇಮ.

ಎರಡು ದಾರಿಗಳಲ್ಲಿಯೂ ವಸ್ತುವಿನ ಪೂರ್ವವೃತ್ತವೇ ಅದರ ಬಲ. ೧೭೫೨ರಲ್ಲಿ ಮುಳುಗಿದ ಗೆಲ್ಡರ್‌ಮಾಲ್ಸನ್‌ ಎಂಬ ಡಚ್ಚರ ಹಡಗಿನಿಂದ ಎತ್ತಿದ ಸುಮಾರು ಒಂದೂವರೆ ಲಕ್ಷ ಪಿಂಗಾಣಿಗಳನ್ನು ೧೯೮೬ರಲ್ಲಿ ಕ್ರಿಸ್ಟೀಸ್ ಸಂಸ್ಥೆಯು ಆಮ್‌ಸ್ಟರ್‌ಡಾಮ್‌ ನಗರದಲ್ಲಿ ಹರಾಜು ಮಾಡಿತು. ಬಹುಪಾಲು ಸಾಧಾರಣ ಊಟದ ಪಾತ್ರೆಗಳೇ ಆದರೂ, ಹಡಗೂ ವರ್ಷವೂ ನಿಶ್ಚಿತವಾಗಿದ್ದುದರಿಂದ ಜನರು ಮೇಲುಬಿದ್ದು ಕೊಂಡರು. ಹಡಗಿನ ಅವಶೇಷಗಳನ್ನು ಕ್ರಮವಾಗಿ ದಾಖಲಿಸದೆ ಸರಕನ್ನು ಮಾತ್ರ ಎತ್ತಿದುದನ್ನು ಪುರಾತತ್ತ್ವಜ್ಞರು ಆಕ್ಷೇಪಿಸಿದರು. ಪೂರ್ವವೃತ್ತದಿಂದ ಬೆಲೆ ಬಂದಿತು. ಪೂರ್ವವೃತ್ತದ ಬಹುಭಾಗವು ಸಮುದ್ರದಲ್ಲಿಯೇ ಉಳಿಯಿತು.

ಗೋಕಾಕ ಸೀಮೆಯ ವಾಡೆಗಳಿಗೂ ಈ ಪಾಠವು ಸಲ್ಲುವುದು. ತಟ್ಟೆಯು ಮನೆಯ ಹೊಸ್ತಿಲನ್ನು ದಾಟುವ ಮೊದಲು ಅದು ಯಾರ ಮನೆಯದು, ಯಾವ ಕೋಣೆಯಲ್ಲಿತ್ತು, ಯಾವ ಮದುವೆಯಲ್ಲಿ ಬಂದಿತು, ಹಳೆಯ ಲೆಕ್ಕದ ಪುಸ್ತಕಗಳಲ್ಲಿ ಉಲ್ಲೇಖವಿದೆಯೇ ಎಂಬುದನ್ನು ಹಿರಿಯರಿಂದ ಕೇಳಿ ಬರೆದಿಡಬೇಕು, ಛಾಯಾಚಿತ್ರವನ್ನೂ ತೆಗೆಸಬೇಕು. ಮಾರಿದ ಬಳಿಕ ತಟ್ಟೆಯು ಬೇರೆಯವರದಾಗುವುದು; ಬರೆದಿಟ್ಟ ವೃತ್ತಾಂತವಾದರೋ ನಾಡಿನ ಇತಿಹಾಸಕ್ಕೆ ಉಳಿಯುವುದು.