ಏರಿನಲ್ಲಿ ಕುಣಿಯುವ ಬೂಸ್ಟ್

ಚಿಕ್ಕಮಗಳೂರಿನಿಂದ ಮುತ್ತೋಡಿಗೆ ಹೋಗುವ ದಾರಿಯಲ್ಲಿದೆ ಮಲ್ಲಂದೂರು. ಕಾಫಿ ಕುಯ್ಲಿನ ಕಾಲದಲ್ಲಿ ಮೂಟೆ ಹೊತ್ತ ಟರ್ಬೊ ಡೀಸೆಲ್ ಗಾಡಿ ಇಲ್ಲಿನ ಏರು ಹತ್ತುವಾಗ ಒಮ್ಮೆ ಎಳೆದು, ಮರುಕ್ಷಣ ಸೊರಗಿದರೆ? ಸ್ಕ್ಯಾನರ್ ಪರದೆಯಲ್ಲಿ ಬೂಸ್ಟ್, ಅಂದರೆ ಟರ್ಬೊ ತುಂಬುವ ಗಾಳಿಯ ಒತ್ತಡದ ಅಂಕಿಯೂ ಕುಣಿಯುತ್ತಿದ್ದರೆ? 'ಟರ್ಬೊ ಹೋಯ್ತು' ಎಂಬ ತೀರ್ಪು ದುಬಾರಿ ಅವಸರ.

ಮೊದಲು ಎಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಬೇಕು. ಎಂಜಿನ್ನಿಗೆ ಹೋಗುವ ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಆಗ ತೋರಿಸಬೇಕಾದ್ದು ಹೊರಗಿನ ಗಾಳಿಯ ಒತ್ತಡವನ್ನೇ. ಕಡಲತಡಿಯ ಮಂಗಳೂರಿನಲ್ಲಿ ಅದು ಸುಮಾರು 101 ಕಿಲೋಪ್ಯಾಸ್ಕಲ್. 1,000 ಮೀಟರ್ ಎತ್ತರದಲ್ಲಿ ಸುಮಾರು 90. ಈ ಇಳಿಕೆ ದೋಷವಲ್ಲ, ಮಲೆನಾಡಿನ ಎತ್ತರ. ಆದರೆ ನಿಂತ ಗಾಡಿಯಲ್ಲೇ ಅಂಕಿ ನೆಗೆದಾಡಿದರೆ ಸೆನ್ಸರಿನ ವೈರು, ತೇವ ಹಿಡಿದ ಕನೆಕ್ಟರ್ ನೋಡಬೇಕು.

ಅಲ್ಲಿ ಸರಿಯಿದ್ದರೆ ಪೈಪುಗಳು. ಇಂಟರ್‌ಕೂಲರ್ ರಬ್ಬರ್ ಪೈಪಿನ ಸಣ್ಣ ಸೀಳು ಗ್ಯಾರೇಜಿನಲ್ಲಿ ಕಣ್ಣಿಗೇ ಬೀಳದು. ಭಾರ ಎಳೆಯುವಾಗ, ಒಳಗಿನ ಒತ್ತಡಕ್ಕೆ ಬಾಯಿಬಿಡುತ್ತದೆ. ಜಾಯಿಂಟಿನ ಸುತ್ತ ಎಣ್ಣೆ ಜಿಡ್ಡು, ಏರಿನಲ್ಲಿ ಸುಯ್ಯೆನ್ನುವ ಸದ್ದು, ಹಿಂದೆ ಕಪ್ಪು ಹೊಗೆ ಅದರ ಸುಳಿವು. ಸ್ಮೋಕ್ ಟೆಸ್ಟ್ ಮಾಡಿದರೆ ಸೋರುವ ಜಾಗ ತಾನೇ ಹೊಗೆಯುಗುಳಿ ತೋರಿಸುತ್ತದೆ.

ಇನ್ನೂ ಅಗ್ಗದ ಅಪರಾಧಿಯೊಂದಿದೆ: ಅನೇಕ ಗಾಡಿಗಳಲ್ಲಿ ಟರ್ಬೊ ಆಕ್ಚುಯೇಟರಿಗೆ ಹೋಗುವ ತೆಳ್ಳನೆಯ ವ್ಯಾಕ್ಯೂಮ್ ಪೈಪು. ಬಿಸಿಗೆ ಒಣಗಿ ಬಿರುಕು ಬಿಡುತ್ತದೆ.

ಕೊನೆಗೆ, ಒಬ್ಬರು ಓಡಿಸುತ್ತಿರುವಾಗ ಪಕ್ಕದವರು ಸ್ಕ್ಯಾನರಿನಲ್ಲಿ ಎಂಜಿನ್ ಕೇಳಿದ ಬೂಸ್ಟ್, ಸಿಕ್ಕ ಬೂಸ್ಟ್ ಎರಡನ್ನೂ ರೆಕಾರ್ಡ್ ಮಾಡಬೇಕು. ಸಿಕ್ಕಿದ್ದು ಸದಾ ಕೆಳಗೇ ಇದ್ದರೆ ಸೋರಿಕೆಯ ಶಂಕೆ ಹೆಚ್ಚು. ಮೇಲೆ ಕೆಳಗೆ ತೂಗಾಡುತ್ತಿದ್ದರೆ ಬೂಸ್ಟ್ ಕಂಟ್ರೋಲ್ ಸೊಲೆನಾಯ್ಡ್, ಇಲ್ಲವೇ ಮಸಿ ಕಟ್ಟಿ ಅಂಟಿಕೊಳ್ಳುವ ಟರ್ಬೊ ವೇನ್‌ಗಳು. ಟರ್ಬೊ ಬಿಚ್ಚುವ ಮಾತು ಇವೆಲ್ಲ ಆದ ಮೇಲೆ.