ಸಂಭಾವನೆ ಮತ್ತು ಪಗಾರ: ಯಾದಗಿರಿ, ಶಹಾಪುರ, ಸುರಪುರ ಸೀಮೆಯ ಬಾನುಲಿ ದುಡಿಮೆಯ ಒಂದು ನೋಟ

ಬಾನುಲಿಯನ್ನು ಕೇಳುಗರ ಮಾಧ್ಯಮವೆಂದು ಪರಿಗಣಿಸುವುದು ವಾಡಿಕೆ. ಅದು ದುಡಿಯುವವರ ತಾಣವೂ ಹೌದೆಂಬುದು ಅಷ್ಟಾಗಿ ಗಮನಕ್ಕೆ ಬಂದಿಲ್ಲ. ಸ್ಥಳೀಯ ಬಾನುಲಿಯಲ್ಲಿ ಖಾಯಂ ನೌಕರರ ಸುತ್ತ ಹಂಗಾಮಿ ಉದ್ಘೋಷಕರು, ಅರೆಕಾಲಿಕ ವರದಿಗಾರರು, ಭಾಷಣಕಾರರು, ನಾಟಕ ಕಲಾವಿದರು, ಜನಪದ ಗಾಯಕರು ಮುಂತಾದವರ ದೊಡ್ಡ ಬಳಗವಿದೆ. ಇವರಿಗೆ ದೊರೆಯುವ ಹಣ ಅಲ್ಪ, ಕೆಲಸದ ಭರವಸೆ ಇನ್ನೂ ಅಲ್ಪ. ಆದರೂ ಅನೇಕರು ದಶಕಗಳ ಕಾಲ ಈ ಕೆಲಸವನ್ನು ಬಿಡುವುದಿಲ್ಲ. ಇದಕ್ಕೆ ‘ಕಲೆಯ ಮೇಲಿನ ಪ್ರೀತಿ’ ಎಂಬ ಸಿದ್ಧ ಉತ್ತರ ಸಾಲದು. ಯಾದಗಿರಿ, ಶಹಾಪುರ, ಸುರಪುರ ಸೀಮೆಯ ಚರಿತ್ರೆ ಹಾಗೂ ಹಾಡುಗಾರಿಕೆಯ ಪರಂಪರೆಯಲ್ಲಿ ಇದಕ್ಕೆ ಖಚಿತವಾದ ಕಾರಣಗಳಿವೆ.

ಚಾರಿತ್ರಿಕ ಹಿನ್ನೆಲೆ

ಮನೋವಿಜ್ಞಾನದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಅವರು ಮೈಸೂರಿನ ತಮ್ಮ ಮನೆಯಿಂದ ಬಾನುಲಿ ಪ್ರಸಾರ ಆರಂಭಿಸಿದ್ದು 1935ರಲ್ಲಿ. ಅದೇ ಅವಧಿಯಲ್ಲಿ ಹೈದರಾಬಾದಿನಲ್ಲಿ ನಿಜಾಮ್ ಸರ್ಕಾರದ ಡೆಕ್ಕನ್ ರೇಡಿಯೋ ಕೆಲಸ ಮಾಡುತ್ತಿತ್ತು. ಅದು ಪ್ರಧಾನವಾಗಿ ಉರ್ದು ಪ್ರಸಾರವಾಗಿತ್ತು. ಆಡಳಿತ, ನ್ಯಾಯಾಲಯ, ಉನ್ನತ ಶಿಕ್ಷಣಗಳಲ್ಲಿಯೂ ಉರ್ದುವೇ ಮುಂದಿದ್ದ ಈ ಸೀಮೆಯಲ್ಲಿ ಕನ್ನಡವು ಮನೆ, ಹೊಲ, ಮಠ, ಭಜನೆಗಳ ಭಾಷೆಯಾಗಿ ಉಳಿದಿತ್ತು. 1948ರಲ್ಲಿ ನಿಜಾಮರ ಆಳ್ವಿಕೆ ಕೊನೆಗೊಂಡು, 1956ರಲ್ಲಿ ಕನ್ನಡ ನಾಡು ಏಕೀಕರಣಗೊಂಡ ಹತ್ತು ವರ್ಷಗಳ ತರುವಾಯ, 1966ರಲ್ಲಿ, ಅಂದಿನ ಗುಲಬರ್ಗಾದಲ್ಲಿ ಆಕಾಶವಾಣಿ ಕೇಂದ್ರ ಆರಂಭವಾಯಿತು. 2009ರ ಡಿಸೆಂಬರ್ 30ರಂದು ಯಾದಗಿರಿ ಪ್ರತ್ಯೇಕ ಜಿಲ್ಲೆಯಾಗುವವರೆಗೂ ಈ ಮೂರು ತಾಲ್ಲೂಕುಗಳು ಗುಲಬರ್ಗಾ ಜಿಲ್ಲೆಯ ಭಾಗವೇ ಆಗಿದ್ದವು. ಬಹುಕಾಲ ಬಾಯಿಮಾತಿನಲ್ಲೇ ಉಳಿದಿದ್ದ ಒಂದು ಕನ್ನಡಕ್ಕೆ ಸಾರ್ವಜನಿಕ ಸ್ಥಾನ ದೊರೆತದ್ದು ಇಲ್ಲಿನ ಬಾನುಲಿಯ ಮೊದಲ ಅರ್ಥ. ಧ್ವನಿಪೆಟ್ಟಿಗೆಯ ಮುಂದೆ ಕೂತವನು ತನ್ನೊಬ್ಬನ ಪರವಾಗಿ ಮಾತ್ರ ಮಾತನಾಡುತ್ತಿರಲಿಲ್ಲ. ಸೀಮೆಯ ಪರವಾಗಿ ಮಾತನಾಡುತ್ತಿದ್ದನು.

ದುಡಿಮೆಯ ಸ್ವರೂಪ

ಆಕಾಶವಾಣಿಯ ಹಂಗಾಮಿ ಉದ್ಘೋಷಕರಿಗೆ ಸಾಮಾನ್ಯವಾಗಿ ತಿಂಗಳಿಗೆ 6 ಸರದಿಗಳ ಮಿತಿಯಿದೆ. ಧ್ವನಿಪರೀಕ್ಷೆಯಲ್ಲಿ ತೇರ್ಗಡೆಯಾದವರ ಪಟ್ಟಿಯಿಂದ ಇವರನ್ನು ಸರದಿಯ ಮೇಲೆ ಕರೆಯಲಾಗುತ್ತದೆ, ಸರದಿಯ ಲೆಕ್ಕದಲ್ಲಿ ಹಣ ನೀಡಲಾಗುತ್ತದೆ. ಮುಂಜಾನೆಯ ಪ್ರಸಾರ ತೆರೆಯುವವರು, ರಾತ್ರಿಯ ಪ್ರಸಾರ ಮುಗಿಸುವವರು ಇವರೇ ಆಗಿರುವುದುಂಟು. ಸುರಪುರದಿಂದ ಕಲಬುರಗಿಗೆ ಸುಮಾರು 100 ಕಿಲೋಮೀಟರು ಹಾದಿ. ಯಾದಗಿರಿ ರೈಲುಮಾರ್ಗದ ಮೇಲಿದ್ದರೂ ಶಹಾಪುರ, ಸುರಪುರದವರು ಬಸ್ಸನ್ನೇ ಹೆಚ್ಚಾಗಿ ನೆಚ್ಚಬೇಕು. ಐದಾರು ಜನರ ಭಜನಾ ಮೇಳವೊಂದು ಧ್ವನಿಮುದ್ರಣಕ್ಕೆ ಹೊರಟರೆ ಒಂದು ದಿನದ ಕೂಲಿ ಹೋಗುತ್ತದೆ. ಪ್ರಯಾಣ, ಊಟಗಳ ಬಳಿಕ ಉಳಿದದ್ದನ್ನು ಎಲ್ಲರೂ ಹಂಚಿಕೊಳ್ಳಬೇಕಾಗುತ್ತದೆ.

2006ರ ಸಮುದಾಯ ಬಾನುಲಿ ನೀತಿಯು ಸ್ವಯಂಸೇವಾ ಸಂಸ್ಥೆಗಳಿಗೂ ಪ್ರಸಾರದ ಬಾಗಿಲು ತೆರೆಯಿತು. ಆದರೆ ಅದು ನೂರು ವ್ಯಾಟಿನ ಆಸುಪಾಸಿನ, ಹತ್ತು ಹದಿನೈದು ಕಿಲೋಮೀಟರಿನ ವ್ಯಾಪ್ತಿಯ ಬಾನುಲಿ. ಕಲಬುರಗಿಯ ಶರಣಬಸವೇಶ್ವರ ವಿದ್ಯಾಸಂಸ್ಥೆಯ ‘ಅಂತರ್ವಾಣಿ’ಯಂತಹ ಕೇಂದ್ರದ ದನಿ ಕೃಷ್ಣಾ ತೀರದ ಹಳ್ಳಿಗಳನ್ನು ಮುಟ್ಟಲಾರದು. ಜಾಹೀರಾತಿನ ಸಮಯಕ್ಕೂ ದರಕ್ಕೂ ಮಿತಿಯಿರುವುದರಿಂದ ಇಂಥ ಕೇಂದ್ರಗಳೂ ಬಹುಮಟ್ಟಿಗೆ ಸ್ವಯಂಸೇವಕರನ್ನೇ ಅವಲಂಬಿಸಿವೆ.

ಬಿಡದಿರುವುದಕ್ಕೆ ಕಾರಣಗಳು

ಮೊದಲನೆಯದು ಹಾಡುಗಾರಿಕೆಯ ನೀತಿ. ಕಡಕೋಳ ಮಡಿವಾಳಪ್ಪನವರ ಪರಂಪರೆಯ ತತ್ವಪದಗಳು ಅಮಾವಾಸ್ಯೆಯ ಭಜನೆಗಳಲ್ಲಿ ಏಕತಾರಿ, ದಮ್ಮಡಿಗಳೊಡನೆ ಬೆಳಗಿನವರೆಗೆ ನಡೆಯುತ್ತವೆ. ಮೊಹರಮ್ಮಿನಲ್ಲಿ ಅಲಾಯಿ ಕುಣಿಯ ಸುತ್ತ ಹಿಂದೂ ಮುಸ್ಲಿಮರು ಕೂಡಿ ರಿವಾಯತ ಪದಗಳನ್ನು ಹಾಡುತ್ತಾರೆ. ಅಲ್ಲಿ ಹಾಡಿಗೆ ಬೆಲೆ ಕಟ್ಟುವ ಪದ್ಧತಿಯಿಲ್ಲ. ಹಾಡುವುದು ಪಾಲಿಗೆ ಬಂದ ಸೇವೆ. ಅದನ್ನು ತಪ್ಪಿಸುವುದು ಕೊರತೆ. ಈ ನೀತಿಯಲ್ಲಿ ಬೆಳೆದವರು ಬಾನುಲಿಯ ಸರದಿಯನ್ನೂ ಅದೇ ಕಣ್ಣಿನಿಂದ ನೋಡುವುದು ಸಹಜ.

ಎರಡನೆಯದು ಹೆಸರಿನ ಮನ್ನಣೆ. ಊರಿನಲ್ಲಿ ಜಾತಿಯಿಂದಲೋ ಕಸುಬಿನಿಂದಲೋ ಕರೆಯಲ್ಪಡುವ ಗಾಯಕಿಯನ್ನು ಬಾನುಲಿಯು ‘ಶ್ರೀಮತಿ’ ಎಂಬ ಗೌರವದೊಡನೆ, ಹೆಸರು, ಊರುಗಳ ಸಮೇತ ಪರಿಚಯಿಸುತ್ತದೆ. ತಳಸಮುದಾಯದ ಕಲಾವಿದರ ಮಟ್ಟಿಗೆ ಇದು ಸಣ್ಣ ಸಂಗತಿಯಲ್ಲ. ನೆರೆಯ ತೆಲಂಗಾಣದ ಜಹೀರಾಬಾದ್ ಬಳಿಯ ಮಾಚನೂರಿನಲ್ಲಿ ದಲಿತ ಮಹಿಳೆಯರು 2008ರಿಂದ ನಡೆಸುತ್ತ ಬಂದ ‘ಸಂಘಂ ರೇಡಿಯೋ’ ಕೂಡ ದನಿಯ ಈ ಹಕ್ಕನ್ನೇ ಎತ್ತಿ ತೋರಿಸಿತು.

ಮೂರನೆಯದು ವ್ಯಾವಹಾರಿಕ. ಬಾನುಲಿ ಕಲಾವಿದನೆಂಬ ಗುರುತು ಉತ್ಸವಗಳ ಕರೆಗೂ ಮಾಸಾಶನ, ಪ್ರಶಸ್ತಿಗಳ ಅರ್ಜಿಗಳಿಗೂ ಸಾಧನೆಯ ದಾಖಲೆಯಾಗಿ ಒದಗುತ್ತದೆ. ಬೆಂಗಳೂರು, ಮುಂಬಯಿ, ಪುಣೆಗಳಿಗೆ ಜನ ಗುಳೆ ಹೋಗುವ ಈ ಜಿಲ್ಲೆಯಲ್ಲಿ ಊರಲ್ಲೇ ಉಳಿದು ಗುರುತಿಸಿಕೊಳ್ಳುವ ದಾರಿಗಳು ಕಡಿಮೆ. ಅಂಥ ದಾರಿಯೊಂದನ್ನು, ಅದು ಎಷ್ಟೇ ಕಿರಿದಾಗಿರಲಿ, ಯಾರೂ ಸುಲಭವಾಗಿ ಬಿಡಲಾರರು.

ಮಾತಿನೊಳಗಿನ ತೊಡಕು

ಈ ಸೀಮೆಯ ಆಡುಮಾತಿನಲ್ಲಿ ದುಡಿಮೆಯ ಪ್ರತಿಫಲಕ್ಕೆ ಎರಡು ಮಾತುಗಳು ಬಳಕೆಯಲ್ಲಿವೆ: ದಿನದ ಲೆಕ್ಕದ್ದು ಕೂಲಿ, ತಿಂಗಳ ಲೆಕ್ಕದ್ದು ಪಗಾರ. ಬಾನುಲಿ ನೀಡುವುದು ಇವೆರಡೂ ಅಲ್ಲ, ಅದು ‘ಸಂಭಾವನೆ’. ಈ ಪದಕ್ಕೆ ಗೌರವಿಸುವುದು ಎಂಬ ಅರ್ಥವೂ ಉಂಟು. ಕೂಲಿ, ಪಗಾರಗಳ ಬಗ್ಗೆ ಚೌಕಾಸಿ ಮಾಡಬಹುದು. ಗೌರವದ ಬಗ್ಗೆ ಚೌಕಾಸಿ ಮಾಡುವುದು ಅಗೌರವವೆನಿಸುತ್ತದೆ. ಸೇವೆಯ ನೀತಿ ಭಜನೆಯಲ್ಲಿ ಸಮಾನರ ನಡುವೆ ನಡೆಯುತ್ತದೆ: ಇಂದು ಹಾಡಿದವನ ಮನೆಯ ಕಾರ್ಯಕ್ಕೆ ನಾಳೆ ಊರೇ ನಿಲ್ಲುತ್ತದೆ. ಸಂಸ್ಥೆಗೆ ಇಂತಹ ಮರುಋಣವಿಲ್ಲ. ಹೀಗಾಗಿ ಹಳ್ಳಿಯಲ್ಲಿ ಕೊಡುಕೊಳೆಯಾಗಿದ್ದ ನೀತಿಯು ಸಂಸ್ಥೆಯ ಒಳಗೆ ಬಂದಾಗ ಒಂದು ಕಡೆಯ ಕೊಡುಗೆಯಾಗಿ ಮಾರ್ಪಡುತ್ತದೆ. ‘ಮತ್ತು ಸಂಗಡಿಗರು’ ಎಂಬ ಪ್ರಕಟಣೆಯಲ್ಲಿ ಹೆಸರಿಲ್ಲದೆ ಉಳಿಯುವ ಹಿಮ್ಮೇಳದವರಿಗಂತೂ ಮನ್ನಣೆಯ ಪಾಲೂ ಪೂರ್ತಿ ದಕ್ಕುವುದಿಲ್ಲ.

ಇದರ ಪರಿಣಾಮವು ಕಲಾವಿದರಿಗಷ್ಟೇ ಸೀಮಿತವಲ್ಲ. ಸಂಭಾವನೆಯೊಂದನ್ನೇ ನಂಬಿ ಯಾರೂ ಬದುಕಲಾರದ ಕಡೆ ಉಳಿಯಬಲ್ಲವರು ಬೇರೆ ಆದಾಯವುಳ್ಳವರು: ಶಿಕ್ಷಕರು, ನೌಕರರು, ಹೊಲವುಳ್ಳವರು. ಭೂಹೀನ ಗಾಯಕರು, ದೂರದ ಹಳ್ಳಿಗಳ ಹೆಂಗಸರು ಮೊದಲು ಕಳಚಿಕೊಳ್ಳುತ್ತಾರೆ. ಬಾನುಲಿಯ ಧ್ವನಿಭಂಡಾರವನ್ನು ಆಕರವೆಂದು ಬಳಸುವ ಜಾನಪದ ಸಂಶೋಧಕರು ಈ ಅಂಶವನ್ನು ಅವಶ್ಯವಾಗಿ ಗಮನಿಸಬೇಕಾಗಿದೆ. ಅಲ್ಲಿ ದಾಖಲಾಗಿರುವುದು ಸೀಮೆಯ ಎಲ್ಲ ದನಿಯಲ್ಲ. ಪ್ರಯಾಣದ ವೆಚ್ಚವನ್ನೂ ಕಳೆದುಕೊಂಡ ದಿನದ ಕೂಲಿಯನ್ನೂ ತಾಳಿಕೊಳ್ಳಬಲ್ಲವರ ದನಿ.

ಒಟ್ಟಾರೆಯಾಗಿ, ಸ್ಥಳೀಯ ಬಾನುಲಿಯ ದುಡಿಮೆಗಾರರು ಉಳಿದಿರುವುದು ಬಡ ಸ್ಥಿತಿಗತಿಗಳ ಅರಿವಿಲ್ಲದೆ ಅಲ್ಲ. ಸೇವೆಯ ನೀತಿ, ಹೆಸರಿನ ಮನ್ನಣೆ, ಊರಲ್ಲೇ ದೊರೆಯುವ ಗುರುತು ಇವು ಅವರನ್ನು ಹಿಡಿದಿಟ್ಟಿವೆ. ಆದರೆ ಅವರ ನಿಷ್ಠೆಯು ಕಡಿಮೆ ಹಣಕ್ಕೆ ಸಮರ್ಥನೆಯಾಗಕೂಡದು. ಪ್ರಯಾಣವೆಚ್ಚವನ್ನು ಸಂಭಾವನೆಯಿಂದ ಬೇರ್ಪಡಿಸಿ ನೀಡುವುದು, ಹಿಮ್ಮೇಳದವರ ಹೆಸರುಗಳನ್ನು ಪ್ರಸಾರದಲ್ಲೂ ದಾಖಲೆಯಲ್ಲೂ ಸೇರಿಸುವುದು, ಧ್ವನಿಮುದ್ರಣವನ್ನು ತಾಲ್ಲೂಕು ಕೇಂದ್ರಗಳಿಗೇ ಒಯ್ಯುವುದು ಅಸಾಧ್ಯವಾದ ಕೆಲಸಗಳಲ್ಲ. ಇಷ್ಟಾದರೆ ಸಂಭಾವನೆ ಎಂಬ ಮಾತಿಗೆ ಅದರ ಮೂಲಾರ್ಥ ಮರಳಿ ದೊರೆತೀತು.